ಹೇಳಿದ್ದನ್ನಷ್ಟೇ ಬರೆಯುತ್ತಿದ್ದವರು

"ಅವರು ಯಾರಿಗೂ ಇಲ್ಲ ಅಂದವರಲ್ಲ."

ಕಳೆದ ತಿಂಗಳು ಜಯನಗರದ ಚರ್ಚೊಂದರ ಹಾಲಿನಲ್ಲಿ ಆಂಟಿಯ ಜ್ಞಾಪಕಾರ್ಥ ಕೂಟ ನಡೆದಾಗ ಈ ವಾಕ್ಯವನ್ನು ಐದು ಜನ ಹೇಳಿದರು. ಅಯ್ಯನವರು ಹೇಳಿದರು, ಆಂಟಿಯ ಸಭೆಯಲ್ಲಿ ಪಾದ್ರಿಗಳನ್ನು ಹಾಗೇ ಕರೆಯುವುದು. ಆಂಟಿಯ ಜೊತೆ ಕಚೇರಿಯಲ್ಲಿದ್ದವರಿಬ್ಬರು ಹೇಳಿದರು. ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರು ಮೈಕಿನ ಮುಂದೆ ಕೈಮುಗಿದು ನಿಂತು, ಅಷ್ಟನ್ನೇ ಹೇಳಿ ಇಳಿದುಹೋದರು. ಐದನೆಯವಳು ರೇಣುಕಾ. ಬಿಳಿ ಕೋಲು ಮಡಿಸಿ ಕಂಕುಳಲ್ಲಿಟ್ಟುಕೊಂಡು ಮೈಕನ್ನು ಕೈಯಲ್ಲಿ ತಡವಿ ಹಿಡಿದು, ಅವಳೂ ಅದನ್ನೇ ಹೇಳಿದಳು.

ಕಾಲೇಜಿನ ವರ್ಷಗಳನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲಿ ಕಳೆದ ನನಗೆ ಇಂಥ ಒಮ್ಮತ ಕಂಡರೆ ಮೈ ಪರಚಿಕೊಳ್ಳುವಂತಾಗುತ್ತದೆ. ಸತ್ತವರ ಬಗ್ಗೆ ಐವರು ಒಂದೇ ಮಾತು ಹೇಳಿದರೆ ಅವರಲ್ಲಿ ನಾಲ್ವರಾದರೂ ಯೋಚನೆ ಮಾಡಿಲ್ಲ ಎಂದೇ ಅರ್ಥ. ಆಂಟಿ ನನಗೇ ಎಷ್ಟೋ ಸಲ ಇಲ್ಲ ಅಂದಿದ್ದಾರೆ. ಅದರಲ್ಲೊಂದು 'ಇಲ್ಲ' ರೇಣುಕಾಳಿಗೆ ಸಂಬಂಧಿಸಿದ್ದು. ಅದು ಅವಳಿಗೆ ಗೊತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಅವಳ ಮಾತು ಕೇಳುತ್ತಿದ್ದ ನನಗೆ ಗೊತ್ತಿತ್ತು.

ಯಡಿಯೂರು ಕೆರೆಯ ಹಿಂಬದಿಯ ನಮ್ಮ ಬೀದಿಯಲ್ಲಿ, ನಮ್ಮೆದುರು ಮನೆಯ ಕೆಳಗಿನ ಭಾಗದಲ್ಲಿ ಆಂಟಿ ಬಾಡಿಗೆಗಿದ್ದರು. ಒಬ್ಬರೇ. ಸರ್ಕಾರಿ ಕಚೇರಿಯಲ್ಲಿ ಸ್ಟೆನೋ ಆಗಿ ಸೇರಿ ಸ್ಟೆನೋ ಆಗಿಯೇ ನಿವೃತ್ತರಾದವರು. ಕುಳ್ಳಗಿದ್ದರು, ಚುರುಕಾಗಿದ್ದರು. ತುರುಬಿನಲ್ಲಿ ಹೂವಿರುವ ಜಾಗದಲ್ಲಿ ಒಂದು ಪೆನ್ಸಿಲ್ ಇರುತ್ತಿತ್ತು. ಯಾರು ಏನೇ ಹೇಳಲಿ, ಅದು ಬರೆದುಕೊಳ್ಳಬೇಕಾದ ಮಾತು ಅನ್ನಿಸಿದರೆ ಪೆನ್ಸಿಲ್ ಕೆಳಗಿಳಿಯುತ್ತಿತ್ತು. ಕಾಗದದ ಮೇಲೆ ಇರುವೆ ಹರಿದಂತೆ ಶಾರ್ಟ್‌ಹ್ಯಾಂಡ್ ಗೆರೆಗಳು ಓಡುತ್ತಿದ್ದವು. ಮುಗಿದ ಮೇಲೆ ತಲೆಯೆತ್ತಿ ಕೇಳುತ್ತಿದ್ದರು: "ಓದ್ಲಾ?"

ಅವರು ನಮ್ಮ ಬೀದಿಗೆ ಬಂದ ವರ್ಷದ ಡಿಸೆಂಬರಿನಲ್ಲಿ ನಮ್ಮ ಗೇಟಿನ ಹತ್ತಿರ ಬರಿಗೈಯಲ್ಲಿ ಬಂದು ನಿಂತರು. ಜಗಲಿಯ ಮೇಲೆ ನಮ್ಮಜ್ಜಿ ಕೂತಿದ್ದರು. ಅಜ್ಜಿಗೆ ಮಡಿ ಜಾಸ್ತಿ.

"ಅಮ್ಮಾ, ನಾಳಿದ್ದು ನಮ್ಮ ಹಬ್ಬ. ನಮ್ಮನೇಲಿ ಮಾಡಿದ್ದು ನೀವು ತಿನ್ನಲ್ಲ ಅಂತ ಗೊತ್ತು. ಏನು ಕಳಿಸಿದ್ರೆ ತಗೋತೀರಿ?"

ಅಮ್ಮ ನಾಚಿಕೆಯಿಂದ ಒಳಗೆ ಓಡಿದಳು. ಅಜ್ಜಿ ಮಾತ್ರ ಒಂದು ಕ್ಷಣ ಯೋಚಿಸಿ, "ಬಾಳೆಹಣ್ಣು ಕಳ್ಸಮ್ಮ. ಸಿಪ್ಪೆ ಇರತ್ತಲ್ಲ" ಎಂದರು.

ಅಜ್ಜಿ ಇರುವ ತನಕ ಪ್ರತಿ ಕ್ರಿಸ್‌ಮಸ್ಸಿಗೂ ಒಂದು ಚಿಪ್ಪು ಏಲಕ್ಕಿ ಬಾಳೆ ಬಂತು. ಇದು ನನಗೆ ಸಹಿಸಲಾಗದ ವಿಷಯವಾಗಿತ್ತು. "ಇದು ಅವಮಾನ ಅಲ್ವಾ ಆಂಟಿ? ಅಜ್ಜಿ ಮಾಡೋ ತಾರತಮ್ಯಕ್ಕೆ ನೀವೇ ಹಣ್ಣು ತಂದು ಕೊಡ್ತೀರಲ್ಲ!" ಎಂದು ಜಗಳಕ್ಕೆ ಹೋದೆ.

"ಅವಮಾನ ಆದ್ರೆ ನಂಗೆ ತಾನೇ ಆಗ್ಬೇಕು? ನಿಂಗ್ಯಾಕೆ ಉರಿ?"

"ತತ್ವದ ಪ್ರಶ್ನೆ ಆಂಟಿ."

"ತತ್ವ ನೀನಿಟ್ಕೋ. ನಿಮ್ಮಜ್ಜಿ ಎರಡು ಹಣ್ಣು ತಿಂದ್ರು, ನಂಗಷ್ಟು ಸಾಕು."

ಆ ವಾದದಲ್ಲಿ ನಾನೇ ಸರಿ ಎಂದು ಇವತ್ತಿಗೂ ನಂಬಿದ್ದೇನೆ. ಆದರೆ ಅಜ್ಜಿ ಹಾಸಿಗೆ ಹಿಡಿದ ಕೊನೆಯ ಡಿಸೆಂಬರಿನಲ್ಲಿ, "ಎದುರುಮನೆಯವಳು ಹಣ್ಣು ತರ್ಲಿಲ್ವೇನೇ?" ಎಂದು ವಾರ ಮೊದಲೇ ಕೇಳಿದ್ದನ್ನೂ ಮರೆತಿಲ್ಲ.

ಪ್ರತಿ ಭಾನುವಾರ ಆಂಟಿ ಚರ್ಚಿನಲ್ಲಿ ಅಯ್ಯನವರ ಪ್ರಸಂಗವನ್ನು, ಅಂದರೆ ಉಪದೇಶವನ್ನು, ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳುತ್ತಿದ್ದರು. ಸೋಮವಾರ ಬೆಳಿಗ್ಗೆ ಪುಟ್ಟೇನಹಳ್ಳಿಗೆ ಹೋಗಿ, ಸೊಂಟ ಮುರಿದು ಮಲಗಿದ್ದ ಅವರ ಸಭೆಯ ಮುದುಕಿಯೊಬ್ಬರಿಗೆ ಓದಿ ಹೇಳುತ್ತಿದ್ದರು. ಒಮ್ಮೆ ನಾನೂ ಹೋಗಿದ್ದೆ. ಅಯ್ಯನವರು ಎಲ್ಲಿ ಕೆಮ್ಮಿದರು, ಎಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದರು, ಯಾವ ಹಳೇ ಜೋಕಿಗೆ ಯಾರೂ ನಗಲಿಲ್ಲ, ಎಲ್ಲವೂ ಅದರಲ್ಲಿತ್ತು. ಮುದುಕಿ ಕಣ್ಣುಮುಚ್ಚಿ ಕೇಳುತ್ತ, "ಅಯ್ಯನೋರು ಇನ್ನೂ ಆ ಕತ್ತೆ ಜೋಕ್ ಬಿಟ್ಟಿಲ್ವಾ?" ಎಂದು ನಕ್ಕರು. ಸಾರಾಂಶ ಹೇಳಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಹಾಗೆಂದು ದಾರಿಯಲ್ಲಿ ನಾನು ಹೇಳಿದಾಗ ಆಂಟಿ, "ಸಾರಾಂಶ ಕೇಳೋಕೆ ಅವರೇನು ಸೆಕ್ರೆಟರಿನಾ? ಚರ್ಚಲ್ಲಿ ಕೂತ ಹಾಗೆ ಇರ್ಬೇಕಲ್ವಾ" ಅಂದರು.

ಬಸ್‌ಸ್ಟಾಪಿನಲ್ಲಿ ಇನ್ನೊಂದು ಅಭ್ಯಾಸ. ಬಸ್ಸು ಬಂದ ಕೂಡಲೇ ಬೋರ್ಡನ್ನು ಜೋರಾಗಿ ಓದುತ್ತಿದ್ದರು. "ಕುಮಾರಸ್ವಾಮಿ ಲೇಔಟ್ ಬಂತು! ಜೆ.ಪಿ. ನಗರ ಬಂತು!" ಯಾರನ್ನೂ ಉದ್ದೇಶಿಸಿ ಅಲ್ಲ. ಓದು ಬಾರದವರು, ಕಣ್ಣು ಮಂಜಾದವರು ಯಾರಾದರೂ ಇದ್ದರೆ ಕೇಳುವ ಮುಜುಗರ ತಪ್ಪಲಿ ಎಂದು. ಕಾಲೇಜು ಹುಡುಗರು, "ಆಂಟಿ, ಟಿಕೆಟ್ಟೂ ಕೊಡ್ತೀರಾ?" ಎಂದು ಕಿಚಾಯಿಸುತ್ತಿದ್ದರು. "ಚಿಲ್ರೆ ಇಟ್ಕೊಂಡಿದ್ದೀಯೇನಪ್ಪ?" ಎಂದು ಇವರೂ ಕಿಚಾಯಿಸುತ್ತಿದ್ದರು. ನಾನು ಎರಡು ಮಾರು ದೂರ ನಿಲ್ಲುತ್ತಿದ್ದೆ.

ನಮ್ಮಿಬ್ಬರ ಸ್ನೇಹ ಶುರುವಾದದ್ದು ದೇವರ ವಿರುದ್ಧ ನಾನು ತಯಾರಿಸಿದ ಭಾಷಣದಿಂದ. ನನಗಾಗ ಹತ್ತೊಂಬತ್ತು. 'ಧರ್ಮವಿಲ್ಲದೆಯೂ ನೀತಿ ಸಾಧ್ಯ' ಎನ್ನುವುದು ಸ್ಪರ್ಧೆಯ ವಿಷಯ, ನಾನು ಪರ. ಎದುರಿಗೆ ಕೂತು ಕೇಳುವವರು ಬೇಕಿತ್ತು. ಆಂಟಿ ಜಗಲಿಯಲ್ಲಿ ಅವರೆಕಾಳು ಹಿದುಕುತ್ತ ಕೂತಿದ್ದರು. ನನ್ನ ಕೈಗೂ ಒಂದು ಬೊಗಸೆ ಕಾಳು ಹಾಕಿ, "ಮಾತಾಡ್ತಾ ಹಿದುಕು" ಅಂದರು. ಆಮೇಲೆ, "ಸಿಪ್ಪೆ ಪಾತ್ರೆಗೆ, ಬೇಳೆ ಕಸಕ್ಕೆ ಹಾಕ್ತಿದ್ದೀಯ, ನೋಡ್ಕೋ" ಅಂದರು. ಕೊನೆಗೆ ಕಾಳು ಸರಿಸಿಟ್ಟು ಪೆನ್ಸಿಲ್ ತೆಗೆದರು.

"ಓದ್ಲಾ?" ಎಂದು ಕೇಳಿ, ಏರಿಳಿತವಿಲ್ಲದ ಕಚೇರಿಯ ದನಿಯಲ್ಲಿ ಓದಿದರು. "'ಆಕ್ಚುಲಿ ದೇವರು ಅನ್ನೋದು, ಆಕ್ಚುಲಿ, ಮನುಷ್ಯನ ಭಯ, ಅಂದ್ರೆ, ಬೇಸಿಕಲಿ ಭಯ...'"

"ಅಯ್ಯೋ, ಅದನ್ನೆಲ್ಲ ಯಾಕೆ ಬರೆದ್ರಿ ಆಂಟಿ!"

"ನೀನಂದೆ, ನಾನು ಬರೆದೆ. ಬೇಡ ಅಂದ್ರೆ ಅನ್ಬೇಡ."

ಎಂಟು ದಿನ ಹೀಗೇ ನಡೆಯಿತು. ಎಂಟನೆಯ ದಿನ ಒಂದೇ ಒಂದು ಆಕ್ಚುಲಿ ಉಳಿದಿತ್ತು. ಕಪ್ ಗೆದ್ದು ತಂದು ತೋರಿಸಿದೆ. ಅವರ ದೇವರು ಇಲ್ಲ ಎಂದು ವಾದಿಸಿ ಗೆದ್ದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, "ದೇವರಿಗೆ ಸ್ತೋತ್ರ" ಅಂದರು. ಗೇಲಿಯಿಂದಲ್ಲ. ಮುಂದಿನ ಸಲ ತಮಾಷೆಗೆ, "ಎದುರಾಳಿಗೆ ಗಂಟಲು ಕಟ್ಟಲಿ ಅಂತ ಪ್ರಾರ್ಥನೆ ಮಾಡಿ ಆಂಟಿ" ಅಂದೆ. "ಇಲ್ಲ" ಅಂದರು. ನಿಜಕ್ಕೂ ಮುಖ ಗಂಟಿಕ್ಕಿಕೊಂಡು.

ಅವರು ಯಾರಿಗೂ ಇಲ್ಲ ಅಂದವರಲ್ಲ ಅನ್ನುವವರು ಆ ಮುಖ ನೋಡಬೇಕಿತ್ತು.

ಈಗ ರೇಣುಕಾಳ ವಿಷಯ. ನಿವೃತ್ತಿಯ ಮೇಲೆ ಆಂಟಿ ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುತ್ತಿದ್ದರು. ವಿದ್ಯಾರ್ಥಿ ಉತ್ತರ ಹೇಳಬೇಕು, ಜೊತೆಗೆ ಕೂತ ಸ್ಕ್ರೈಬ್ ಅದನ್ನೇ ಬರೆಯಬೇಕು. ತಪ್ಪಿದ್ದರೆ ತಪ್ಪನ್ನೇ ಬರೆಯಬೇಕು. ಬದುಕಿಡೀ ಸಾಹೇಬರುಗಳು ಹೇಳಿದ್ದನ್ನು ಬರೆದ ಆಂಟಿಗೆ ಇದು ಕಷ್ಟದ ಕೆಲಸವಾಗಿರಲಿಲ್ಲ. ಒಂದು ಸಲ ಸ್ಕ್ರೈಬ್ ಒಬ್ಬರಿಗೆ ಜ್ವರ ಬಂದು ಜನ ಕಡಿಮೆಬಿದ್ದಾಗ ನನ್ನನ್ನು ಕರೆದುಕೊಂಡು ಹೋದರು. ಹೊರಡುವಾಗ ಹೇಳಿದ್ದು ಒಂದೇ ಮಾತು: "ನಿನ್ನ ತಲೆ ಮನೇಲಿ ಬಿಟ್ಟು ಬಾ. ಕೈ ಮಾತ್ರ ತಗೊಂಡು ಬಾ."

ಬನಶಂಕರಿಯ ಒಂದು ಕಾಲೇಜು. ನಾನು ಬರೆಯಬೇಕಿದ್ದದ್ದು ರೇಣುಕಾಳಿಗೆ. ಆಂಟಿ ಪಕ್ಕದ ಕೋಣೆಯಲ್ಲಿ ಇನ್ನೊಬ್ಬರಿಗೆ. ಕನಕಪುರದ ಕಡೆಯ ಹಳ್ಳಿಯವಳಾದ ರೇಣುಕಾ ಕುಮಾರಸ್ವಾಮಿ ಲೇಔಟಿನ ಹಾಸ್ಟೆಲಿನಲ್ಲಿದ್ದಳು. ಬಿ.ಎ. ಎಲ್ಲ ಮುಗಿದು ರಾಜ್ಯಶಾಸ್ತ್ರದ ಒಂದು ಪೇಪರ್ ಉಳಿದಿತ್ತು. ಎರಡು ಸಲ ಹೋಗಿತ್ತು. "ಇದೊಂದು ಆದ್ರೆ ಬಿ.ಎಡ್. ಸೇರ್ತೀನಿ ಮೇಡಂ. ಟೀಚರ್ ಆಗ್ಬೇಕು" ಎಂದು ಪ್ರಶ್ನೆಪತ್ರಿಕೆ ಬರುವ ಮೊದಲೇ ನನಗೆ ಹೇಳಿದಳು.

ದೊಡ್ಡ ಪ್ರಶ್ನೆಯೊಂದು ಸಂಸತ್ತಿನ ಎರಡು ಸದನಗಳ ಬಗ್ಗೆ ಇತ್ತು. ರೇಣುಕಾ ಬೆರಳಲ್ಲಿ ಮೇಜು ತಟ್ಟುತ್ತ, ಧೈರ್ಯವಾಗಿ, ಎರಡನ್ನೂ ಪೂರ್ತಿ ಅದಲುಬದಲು ಮಾಡಿ ಹೇಳಿದಳು. ಹಣಕಾಸು ಮಸೂದೆ ರಾಜ್ಯಸಭೆಯಲ್ಲಿ ಹುಟ್ಟಿತು. ಲೋಕಸಭೆ ಎಂದೂ ವಿಸರ್ಜನೆಯಾಗದ ಸದನವಾಯಿತು. ನನಗೆ ಸರಿಯುತ್ತರ ಗೊತ್ತಿತ್ತು. ಮೊದಲ ಸಲ 'ರಾಜ್ಯಸಭೆ' ಎಂದಾಗ ನನ್ನ ಪೆನ್ನು 'ಲೋಕಸಭೆ' ಎಂದು ಬರೆಯಿತು. ಆಮೇಲೆ ಎರಡು ಪುಟ ಪೂರ್ತಿ ಹಾಗೇ ಬರೆದೆ.

"ಒಂದ್ಸಲ ಓದ್ತೀರಾ ಮೇಡಂ?" ಎಂದಳು.

ಓದಿದೆ. ಅವಳು ಹೇಳಿದ್ದನ್ನು ಓದಿದೆ, ಬರೆದದ್ದನ್ನಲ್ಲ. ಅವಳು ತೃಪ್ತಿಯಿಂದ ತಲೆಯಾಡಿಸಿದಳು.

ಮುಗಿದ ಮೇಲೆ ಬನಶಂಕರಿ ಬಸ್‌ಸ್ಟಾಪಿನಲ್ಲಿ ಇದನ್ನು ಆಂಟಿಗೆ ಹೇಳಿದೆ. ಮುಚ್ಚಿಡಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಮೆಚ್ಚುತ್ತಾರೆ ಎಂದುಕೊಂಡಿದ್ದೆ. ದಯೆಯ ಧರ್ಮದವರಲ್ಲವೇ.

"ಓದಿ ಹೇಳು ಅಂತ ಕೇಳ್ಲಿಲ್ವಾ ಅವಳು?"

"ಕೇಳಿದ್ಲು. ಅವಳು ಹೇಳಿದ್ದನ್ನೇ ಓದ್ದೆ."

ಬಸ್ಸು ಬಂತು. ಆಂಟಿ ಬೋರ್ಡ್ ಓದಲಿಲ್ಲ. ಇನ್ನೊಂದು ಬಂತು. ಅದನ್ನೂ ಓದಲಿಲ್ಲ.

"ಆಂಟಿ, ರಿಸಲ್ಟ್ ನೋಡಿ. ಅವಳು ಪಾಸಾಗ್ತಾಳೆ. ಯಾರಿಗೆ ನಷ್ಟ ಆಯ್ತು ಹೇಳಿ? ಕಣ್ಣಿರೋರು ಪಕ್ಕದೋರ ಪೇಪರ್ ನೋಡಿ ಬರೀತಾರೆ, ಇವಳಿಗೆ ಆ ಸೌಕರ್ಯನೂ ಇಲ್ಲ. ಕೆಲಸ ಮಾಡ್ಬಾರ್ದು ಅನ್ನೋ ಸಬ್ಬತ್ ದಿನಾನೇ ನಿಮ್ಮ ಯೇಸು ರೋಗ ವಾಸಿ ಮಾಡ್ಲಿಲ್ವಾ? ಕುರುಡನಿಗೆ ಕಣ್ಣು ಕೊಡುವಾಗ ರೂಲ್ಸ್ ನೋಡಿದ್ರಾ?"

"ರೂಲ್ಸ್ ಆಚೆಗಿರ್ಲಿ" ಅಂದರು ಆಂಟಿ. ದನಿ ತುಂಬ ಸಣ್ಣದಾಗಿತ್ತು. "ಕೊಡೋಕೆ ಮುಂಚೆ ಕೇಳಿದ್ರು ಕಣೇ. ನಿನಗೇನು ಮಾಡ್ಲಿ ಅಂತ. ದಾರಿ ಪಕ್ಕ ಕೂತು ಕೂಗ್ತಿರೋ ಕುರುಡ, ಅವನಿಗೇನು ಬೇಕು ಅಂತ ಮಗೂಗೂ ಗೊತ್ತು. ಆದ್ರೂ ಅವನ ಬಾಯಿಂದಾನೇ ಬರ್ಲಿ ಅಂತ ಕಾದ್ರು. ನೀನು ಕೇಳಿದ್ಯಾ?"

ನನ್ನ ಬಳಿ ಉತ್ತರವಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮೂರು ಉತ್ತರಗಳಿದ್ದವು, ಮೂರನ್ನೂ ಹೇಳಿದೆ. ನಾಲ್ಕನೆಯದೊಂದಿತ್ತು: ಕೇಳಿದ್ದರೆ ಅವಳು ಬೇಡ ಅಂದುಬಿಡಬಹುದಿತ್ತು, ಅದಕ್ಕೇ ಕೇಳಲಿಲ್ಲ. ಅದನ್ನು ಹೇಳಲಿಲ್ಲ.

"ಹೋಗಿ ಹೇಳು ಅವಳಿಗೆ."

"ಹೇಳಲ್ಲ ಆಂಟಿ. ಅವಳ ಬಿ.ಎಡ್. ಹೋಗತ್ತೆ."

"ಹಾಗಿದ್ರೆ ಇನ್ನು ನಿನ್ನ ಕರ್ಕೊಂಡು ಬರಲ್ಲ."

ಫಲಿತಾಂಶ ಬಂತು. ಪಾಸಾಗಲು ಬೇಕಿದ್ದದ್ದಕ್ಕಿಂತ ನಾಲ್ಕು ಅಂಕ ಹೆಚ್ಚು. ಆ ನಾಲ್ಕು ಎಲ್ಲಿಂದ ಬಂದವು ಎಂದು ಇಬ್ಬರಿಗೆ ಗೊತ್ತಿತ್ತು. ರೇಣುಕಾ ಪೇಡಾ ಡಬ್ಬಿ ಹಿಡಿದು ಆಂಟಿಯ ಮನೆಗೆ ಬಂದಳು, ನನ್ನನ್ನೂ ಕರೆಸಿದಳು. "ನನ್ನ ತಲೆ ಒಳಗೆ ಮಣ್ಣಿದೆ ಅಂತಿದ್ರು ನಮ್ಮೂರಲ್ಲಿ. ಈಗ ಹೇಳ್ಲಿ ನೋಡಾಣ!" ಎಂದು ನಕ್ಕಳು. ನಾನು ನೆಲ ನೋಡಿದೆ. ಆಂಟಿ ಅವಳ ತಲೆಯ ಮೇಲೆ ಕೈಯಿಟ್ಟರು.

"ಇನ್ನೂ ಓದ್ತೀಯೇನಮ್ಮ?"

"ಏನನ್ನ ಆಂಟಿ?"

"ಅದೇ ಪೇಪರ್ರು."

"ಅಯ್ಯೋ, ಪಾಸಾಯ್ತಲ್ಲ ಆಂಟಿ!"

"ಆಗ್ಲಿ. ಟೀಚರಾಗೋಳಲ್ವಾ. ನಾನು ಓದಿ ಹೇಳ್ತೀನಿ. ಬೇಡ ಅಂದ್ರೆ ಬೇಡ. ಬೇಕಾ?"

ರೇಣುಕಾ ಪೇಡಾ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿ, "ಬೇಕು" ಅಂದಳು.

ವಾರಕ್ಕೆ ಮೂರು ದಿನ ಆಂಟಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು, ಪಾಸಾದ ಪೇಪರಿನ ಪುಸ್ತಕವನ್ನು ಮೊದಲ ಪುಟದಿಂದ ಓದಿದರು. ರೇಣುಕಾ ಬ್ರೈಲ್ ಸ್ಲೇಟಿನಲ್ಲಿ ಕಾಗದ ಸಿಕ್ಕಿಸಿ, ಮೊಳೆಯಂಥ ಕಡ್ಡಿಯಿಂದ ಚುಕ್ಕಿಚುಕ್ಕಿಯಾಗಿ ಚುಚ್ಚಿಕೊಳ್ಳುತ್ತಿದ್ದಳು. ಟಕ್ ಟಕ್ ಟಕ್ ಎಂದು ಸದ್ದು. ಎರಡು ತಿಂಗಳ ಮೇಲೆ ಒಂದು ಸಂಜೆ ನಾನೂ ಹೋಗಿದ್ದಾಗ, ಎರಡು ಸದನಗಳ ಪಾಠವನ್ನು ಅವಳು ತಾನೇ ಹೇಳಿದಳು. ಒಂದಕ್ಷರ ತಪ್ಪಿಲ್ಲ. ಆಂಟಿ ಕಣ್ಣು ಒರೆಸಿಕೊಂಡರು.

ವಾಪಸು ಬರುವಾಗ ನಾನೆಂದೆ: "ಈಗ ಸರಿಹೋಯ್ತಲ್ಲ ಆಂಟಿ. ಈಗ ಆ ಉತ್ತರ ಅವಳದ್ದೇ."

"ಉತ್ತರ ಅವಳದ್ದಾಯ್ತು. ಪೇಪರ್ ಆಗ್ಲಿಲ್ಲ."

"ಹಾಗಿದ್ರೆ ನೀವೇ ಹೇಳ್ಬಿಡಿ."

"ಇಲ್ಲ." ಇದೇ ಆ ಇಲ್ಲ. "ಅವಳ ಮಾತು ನೀನು ಬದಲಾಯಿಸ್ದೆ. ಈಗ ನಿನ್ನ ಮಾತು ನಾನಾಡಿದ್ರೆ ಅದೂ ಅದೇ ತಪ್ಪು."

ನಾನು ಬಿಡಲಿಲ್ಲ. ಆಂಟಿಯ ಮೇಲೂ ನನ್ನ ಆಕ್ಷೇಪವಿತ್ತು. ಗೊತ್ತಿದ್ದೂ ಸುಮ್ಮನಿದ್ದವರು ಅವರು. ಕಾಲೇಜಿನವರಿಗೆ ತಿಳಿಸಲಿಲ್ಲ. ಪೇಡಾ ತಿಂದರು. ಅಷ್ಟು ಸತ್ಯವಂತರಾದರೆ ಇದೇನು? ಮುಖಕ್ಕೇ ಕೇಳಿದೆ.

"ಹೌದಮ್ಮ. ಅದು ನನ್ನ ತಪ್ಪು. ದಿನಾ ಒಪ್ಕೋತೀನಿ."

"ಯಾರ ಹತ್ರ?"

ತುರುಬಿನ ಪೆನ್ಸಿಲ್ ತೆಗೆದು ಮೇಲೆ ತೋರಿಸಿದರು.

"ನಿಮಗೆ ಹೇಳ್ಕೊಳ್ಳೋಕೆ ಒಬ್ರಿದ್ದಾರೆ. ನಂಗ್ಯಾರಿದ್ದಾರೆ ಆಂಟಿ?"

"ನಿಂಗೆ ರೇಣುಕಾ ಇದ್ದಾಳಲ್ಲ."

ಏಳು ವರ್ಷವಾಯಿತು. ಇದಕ್ಕೊಂದು ಮರುವಾದ ಹುಡುಕುತ್ತಲೇ ಇದ್ದೇನೆ. ಈ ನಡುವೆ ರೇಣುಕಾ ಬಿ.ಎಡ್. ಮುಗಿಸಿದಳು, ಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಟೀಚರಾದಳು, ಪುಟ್ಟೇನಹಳ್ಳಿಯಲ್ಲಿ ಮನೆ ಮಾಡಿದಳು. 'ಮೇಡಂ' ಹೋಗಿ 'ಲೇ' ಆಗುವಷ್ಟು ನಾವು ಹತ್ತಿರವಾದೆವು. ಹತ್ತಿರವಾದಷ್ಟೂ ಹೇಳುವುದು ಕಷ್ಟವಾಯಿತು. ಆಂಟಿ ಅಪರೂಪಕ್ಕೊಮ್ಮೆ, ಬಿಸಿಬೇಳೆ ಬಾತ್ ಬಡಿಸುವಾಗಲೋ ಸೊಪ್ಪು ಬಿಡಿಸುವಾಗಲೋ, "ಹೇಳಿದ್ಯಾ?" ಎಂದು ಕೇಳುತ್ತಿದ್ದರು. "ಇಲ್ಲ" ಅಂದರೆ ಮುಂದಿನ ಮಾತಿಗೆ ಹೋಗುತ್ತಿದ್ದರು. ಕೊನೆಯ ಸಲ ಕೇಳಿದ್ದು ಆಸ್ಪತ್ರೆಯಲ್ಲಿ. ಉಸಿರು ಕಟ್ಟುತ್ತಿತ್ತು, ಹುಬ್ಬು ಎತ್ತಿದರು, ಅಷ್ಟೇ. ನಾನು ತಲೆ ಅಡ್ಡ ಆಡಿಸಿದೆ. "ಹೇಳ್ತೀಯ" ಅಂದರು. ಪ್ರಶ್ನೆಯಾಗಿ ಅಲ್ಲ.

ಆ ಕೂಟದಲ್ಲಿ ರೇಣುಕಾ ಮೈಕಿನಲ್ಲಿ ಹೇಳಿದಳು: "ಪಾಸಾದ ಪೇಪರನ್ನೂ ಓದಿಸಿದ ಪುಣ್ಯಾತ್ಗಿತ್ತಿ ನಮ್ಮ ಆಂಟಿ." ಎಲ್ಲರೂ ನಕ್ಕರು. "ಇವತ್ತು ಮಕ್ಕಳಿಗೆ ಲೋಕಸಭೆ, ರಾಜ್ಯಸಭೆ ಪಾಠ ಮಾಡುವಾಗ ನನ್ನ ಕಿವೀಲಿ ಅವರ ದನಿ ಇರತ್ತೆ. ಯಾಕೆ ಓದಿಸಿದ್ರು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ."

ಕೂಟ ಮುಗಿದ ಮೇಲೆ ಅವಳು ನನ್ನ ಮೊಣಕೈ ಹಿಡಿದು ಬಸ್‌ಸ್ಟಾಪಿನವರೆಗೆ ಬಂದಳು. ಕಲ್ಲುಬೆಂಚಿನ ಮೇಲೆ ಕೂತು ಹೇಳಿದೆ. ಬರೆದುಕೊಳ್ಳುವವರಿಗೆ ಹೇಳುವಂತೆ ನಿಧಾನವಾಗಿ, ಸಮರ್ಥನೆಯಿಲ್ಲದೆ, ಒಂದೂ ಆಕ್ಚುಲಿ ಇಲ್ಲದೆ. ಎರಡು ಪುಟದ್ದನ್ನೂ, ಓದಿ ಹೇಳಿದ್ದನ್ನೂ. ಅವಳ ಬೆರಳು ಕೋಲಿನ ಹಿಡಿಯ ದಾರವನ್ನು ಸುತ್ತುತ್ತ, ಬಿಚ್ಚುತ್ತ ಇತ್ತು. ಅಷ್ಟರಲ್ಲಿ ಅವಳ ಬಸ್ಸು ಬಂತು. ನಾನು ಸುಮ್ಮನಿದ್ದರೆ ಅದು ಹೊರಟುಹೋಗುತ್ತಿತ್ತು, ಅವಳು ಇನ್ನಷ್ಟು ಹೊತ್ತು ನನ್ನ ಪಕ್ಕದಲ್ಲಿರುತ್ತಿದ್ದಳು.

"ಪುಟ್ಟೇನಹಳ್ಳಿ ಬಂತು" ಎಂದು ಜೋರಾಗಿ ಓದಿದೆ.

ಅವಳು ಎದ್ದು, ಕೋಲು ಬಿಡಿಸಿ, ಹತ್ತಿ ಹೋದಳು.

ಮೊನ್ನೆ ಇಲ್ಲಿಯವರೆಗಿನದ್ದನ್ನು ಫೋನಿನಲ್ಲಿ ಅವಳಿಗೆ ಓದಿ ಹೇಳಿದೆ. ಈ ಸಲ ಬರೆದದ್ದನ್ನೇ ಓದಿದೆ. ಅಚ್ಚಿಗೆ ಕೊಡಲೇ ಎಂದು ಕೇಳಿದೆ. "ಕೊಡು. ನನ್ನ ಹೆಸರು ಬೇರೆ ಹಾಕು. ರೇಣುಕಾ ಅಂತ ಇಡು, ನಮ್ಮ ದೊಡ್ಡಮ್ಮನ ಹೆಸರು" ಅಂದಳು. ಓದುವಾಗಲೆಲ್ಲ ಅತ್ತ ಕಡೆಯಿಂದ ಟಕ್ ಟಕ್ ಟಕ್ ಸದ್ದು ಬರುತ್ತಿತ್ತು. ನಾನು ಹೇಳಿದ್ದನ್ನು ಅವಳು ಬರೆದುಕೊಳ್ಳುತ್ತಿದ್ದಳು. ಓದಿ ಮುಗಿಸಿದೆ. ಸದ್ದು ನಿಂತಿತು. ಏಳು ವರ್ಷದ ಹಿಂದೆ, ಪೆನ್ನಿನ ಮುಚ್ಚಳ ತೆಗೆಯುವ ಮೊದಲೇ ಕೇಳಬೇಕಿದ್ದದ್ದನ್ನು ಆಗ ಕೇಳಿದೆ:

"ನಿಂಗೆ ನಾನೇನು ಮಾಡ್ಲಿ, ಹೇಳು?"